ನಾಯಕತ್ವ ಮತ್ತು ಅಧಿಕಾರದ ಹಂಚಿಕೆ: ಸವಾದ್ ಹಾಗೂ ದತ್ತಮಂಡಲದ ಎರಡು ಭೂಮೋಜಣಿಗಳು

ಯಾವ ಸಂಸ್ಥೆಯೇ ಆಗಲಿ, ಅದರ ಕಾರ್ಯವೆಲ್ಲವನ್ನೂ ಒಬ್ಬನೇ ನಿರ್ವಹಿಸಲಾರನು. ರಾಜ್ಯವಾಗಲಿ, ಸಹಕಾರ ಸಂಘವಾಗಲಿ, ವಿದ್ಯಾಲಯವಾಗಲಿ, ಅದರ ಮುಖ್ಯಸ್ಥನು ತನ್ನ ಅಧಿಕಾರದ ಒಂದಂಶವನ್ನು ಇತರರ ಕೈಗೆ ಒಪ್ಪಿಸಲೇಬೇಕಾಗುತ್ತದೆ. ಇದರಲ್ಲಿ ವಿವಾದವಿಲ್ಲ. ವಿವಾದವಿರುವುದು ಒಪ್ಪಿಸುವ ಬಗೆಯಲ್ಲಿ. ಕೆಲಸವನ್ನು ಮಾತ್ರ ಒಪ್ಪಿಸಿ ವಿವೇಚನೆಯನ್ನು ತನ್ನಲ್ಲಿಯೇ ಉಳಿಸಿಕೊಳ್ಳುವ ನಾಯಕನಿದ್ದಾನೆ. ವಿವೇಚನೆಯನ್ನೂ ಒಪ್ಪಿಸಿ, ಅದರ ಫಲಾಫಲಗಳ ಹೊಣೆಯನ್ನು ಮಾತ್ರ ತಾನು ಹೊರುವ ನಾಯಕನೂ ಇದ್ದಾನೆ. ಇವರಿಬ್ಬರಿಗೂ ಇರುವ ಅಂತರವನ್ನು ಉಪದೇಶದ ಮಾತುಗಳಿಂದ ತಿಳಿಯುವುದಕ್ಕಿಂತ, ನಡೆದುಹೋದ ಸಂಗತಿಗಳಿಂದ ತಿಳಿಯುವುದು ಇತಿಹಾಸದ ವಿದ್ಯಾರ್ಥಿಗೆ ಹೆಚ್ಚು ಉಚಿತವಾದುದು.

ಈ ಲೇಖನದಲ್ಲಿ ನಾವು ಅಂತಹ ಎರಡು ಸಂಗತಿಗಳನ್ನು ಪರಿಶೀಲಿಸಲಿದ್ದೇವೆ. ಮೊದಲನೆಯದು, ಕ್ರಿ.ಶ. ಏಳನೆಯ ಶತಮಾನದಲ್ಲಿ ಖಲೀಫ ಉಮರ್ ಇರಾಕಿನ ಸವಾದ್ ಪ್ರಾಂತದಲ್ಲಿ ಮಾಡಿಸಿದ ಭೂಮೋಜಣಿ. ಎರಡನೆಯದು, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಥಾಮಸ್ ಮನ್ರೋ ದತ್ತಮಂಡಲದಲ್ಲಿ, ಎಂದರೆ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೂ ಸೇರಿದ್ದ ಸೀಮೆಯಲ್ಲಿ, ಮಾಡಿಸಿದ ಭೂಮೋಜಣಿ. ಇವೆರಡರ ನಡುವೆ ಸುಮಾರು ಹನ್ನೆರಡು ಶತಮಾನಗಳ ಅಂತರವಿದೆ. ಮತ, ದೇಶ, ಭಾಷೆಗಳೆಲ್ಲವೂ ಬೇರೆ. ಆದರೂ ಎರಡರಲ್ಲಿಯೂ ಎದುರಾದ ಪ್ರಶ್ನೆ ಒಂದೇ: ದೂರದಲ್ಲಿರುವ ನಾಯಕನು, ತಾನು ಕಾಣದ ನೆಲವನ್ನು ಅಳೆಯುವವರಿಗೆ ಎಷ್ಟು ಅಧಿಕಾರವನ್ನು ಕೊಡಬೇಕು, ಮತ್ತು ಅವರು ಕಂಡುಬಂದು ಹೇಳಿದ ಮಾತನ್ನು ಎಷ್ಟರಮಟ್ಟಿಗೆ ಮನ್ನಿಸಬೇಕು?

1. ಹೋಲಿಕೆಗೆ ಆಧಾರ

ಬಳ್ಳಾರಿಯ ಪಶ್ಚಿಮ ತಾಲ್ಲೂಕುಗಳಿಗೂ ಪ್ರಾಚೀನ ಅರಬ್ಬರ ಆಡಳಿತಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನೇರವಾದ ಸಂಬಂಧವಿಲ್ಲ, ಆದರೆ ಮಾತಿನ ಸಂಬಂಧವಿದೆ. ನಮ್ಮ ಹಳ್ಳಿಗಳ ಕಂದಾಯದ ಲೆಕ್ಕದಲ್ಲಿ ದಿನವೂ ಕೇಳಿಬರುವ ತಾಲ್ಲೂಕು, ಜಿಲ್ಲೆ, ತಹಸೀಲು, ಜಮಾ, ಫಸಲಿ, ಇನಾಮು, ಖರಾಬು ಮೊದಲಾದ ಶಬ್ದಗಳೆಲ್ಲ ಅರಬ್ಬೀ ಮೂಲದವು. ಪಾರಸಿಯ ಮೂಲಕ ದಖ್ಖನಿನ ಆಡಳಿತಕ್ಕೆ ಬಂದು, ಅಲ್ಲಿಂದ ಕನ್ನಡಕ್ಕೆ ಇಳಿದವು. ಉಮರ್ ಖಲೀಫನು ಪ್ರಾಂತಗಳಿಗೆ ಕಳುಹಿಸಿದ ಅಧಿಕಾರಿಗಳನ್ನು 'ಆಮಿಲ್' ಎಂದು ಕರೆಯುತ್ತಿದ್ದರು. ನಮ್ಮ 'ಅಮಲ್ದಾರ'ನೂ ಅದೇ ಧಾತುವಿನಿಂದ ಬಂದವನು.

ಇವೆಲ್ಲಕ್ಕಿಂತ ಗಮನಾರ್ಹವಾದುದು 'ರೈತ' ಎಂಬ ಶಬ್ದ. ಅದರ ಮೂಲವಾದ ಅರಬ್ಬೀ ಪದಕ್ಕೆ ಕುರುಬನ ರಕ್ಷಣೆಯಲ್ಲಿರುವ ಹಿಂಡು ಎಂಬುದು ಮೊದಲ ಅರ್ಥ; ಆಳುವವನ ರಕ್ಷಣೆಯಲ್ಲಿರುವ ಪ್ರಜೆ ಎಂಬುದು ಅನಂತರದ ಅರ್ಥ; ಉಳುವವನು ಎಂಬ ಅರ್ಥ ಭಾರತದಲ್ಲಿ ನೆಲೆಗೊಂಡಿತು. ಪ್ರತಿಯೊಬ್ಬನೂ ಒಂದು ಬಗೆಯ ಕುರುಬನೇ, ಪ್ರತಿಯೊಬ್ಬನೂ ತನ್ನ ಹಿಂಡಿನ ವಿಷಯದಲ್ಲಿ ಉತ್ತರ ಹೇಳಬೇಕಾದವನೇ ಎಂಬ ಅರ್ಥದ ಪ್ರವಾದಿವಚನವೊಂದು ಇಸ್ಲಾಮೀ ಪರಂಪರೆಯಲ್ಲಿ ಬಹು ಪ್ರಸಿದ್ಧವಾಗಿದೆ. ಆ ವಚನದಲ್ಲಿ ದೊರೆಯೂ, ಮನೆಯ ಯಜಮಾನನೂ, ಗೃಹಿಣಿಯೂ, ಸೇವಕನೂ ಒಂದೇ ಸಾಲಿನಲ್ಲಿ ಬರುತ್ತಾರೆ. ಸೇವಕನಿಗೂ ಹೊಣೆಯುಂಟು ಎಂದರೆ ಅವನಿಗೂ ಒಂದು ಅಧಿಕಾರಕ್ಷೇತ್ರವುಂಟು ಎಂದೇ ತಾತ್ಪರ್ಯ. ಹೀಗೆ 'ರೈತ' ಎಂಬ ಮಾತಿನ ಬೇರಿನಲ್ಲಿಯೇ ನಾಯಕತ್ವದ ಒಂದು ಸಿದ್ಧಾಂತ ಅಡಗಿದೆ.

2. ಸವಾದ್ ಪ್ರಾಂತದ ಮೋಜಣಿ

ಯೂಫ್ರಟೀಸ್ ಮತ್ತು ಟೈಗ್ರಿಸ್ ನದಿಗಳ ನಡುವಣ ಹಾಗೂ ಅವುಗಳ ಅಕ್ಕಪಕ್ಕದ ನೀರಾವರಿ ಬಯಲಿಗೆ ಅರಬ್ಬರು ಸವಾದ್, ಎಂದರೆ ಕಪ್ಪುನೆಲ, ಎಂದು ಹೆಸರಿಟ್ಟಿದ್ದರು. ಮರುಭೂಮಿಯಿಂದ ಬಂದವರಿಗೆ ಅಲ್ಲಿನ ದಟ್ಟ ಹಸುರು ಕಪ್ಪಾಗಿ ಕಂಡಿತೆಂದು ಹೇಳುತ್ತಾರೆ. ಕ್ರಿ.ಶ. 636-37ರ ಸುಮಾರಿಗೆ ನಡೆದ ಕಾದಿಸಿಯ್ಯಾ ಯುದ್ಧದಲ್ಲಿ ಸಾಸಾನೀ ಸೇನೆ ಸೋತ ಮೇಲೆ ಈ ಬಯಲು ಅರಬ್ಬರ ಕೈಸೇರಿತು. ಗೆದ್ದ ಭೂಮಿಯನ್ನು ತಮ್ಮಲ್ಲಿ ಹಂಚಬೇಕೆಂದು ಯೋಧರು ಕೇಳಿದರು. ಯುದ್ಧದಲ್ಲಿ ದೊರೆತ ಸೊತ್ತನ್ನು ಹಂಚುವ ವಾಡಿಕೆ ಅವರ ಪರವಾಗಿತ್ತು.

ಉಮರನ ಅಭಿಪ್ರಾಯ ಬೇರೆಯಾಗಿತ್ತು. ಭೂಮಿಯನ್ನು ಈಗಲೇ ಹಂಚಿಬಿಟ್ಟರೆ ಮುಂದಿನ ತಲೆಮಾರಿಗೆ ಏನು ಉಳಿಯುವುದು, ಗಡಿಗಳನ್ನು ಕಾಯುವ ಸೈನ್ಯಕ್ಕೆ ವೇತನ ಎಲ್ಲಿಂದ ಬರುವುದು ಎಂಬುದು ಅವನ ವಾದ. ಖಲೀಫನಾಗಿ ಅವನು ಆಜ್ಞೆ ಮಾಡಬಹುದಾಗಿತ್ತು, ಹಾಗೆ ಮಾಡಲಿಲ್ಲ. ಎಂಟನೆಯ ಶತಮಾನದ ನ್ಯಾಯವೇತ್ತ ಅಬೂ ಯೂಸುಫನ 'ಕಿತಾಬುಲ್ ಖರಾಜ್' ಎಂಬ ಗ್ರಂಥದಿಂದ ತಿಳಿದುಬರುವಂತೆ, ಆತನು ಮೊದಲು ಹಿರಿಯ ಸಂಗಡಿಗರನ್ನು ಕೇಳಿದನು. ಅವರಲ್ಲಿ ಒಡಕು ಕಾಣಿಸಿತು. ಅಬ್ದುರ್ರಹ್ಮಾನ್ ಇಬ್ನ್ ಔಫ್ ಮೊದಲಾದವರು ಹಂಚಬೇಕೆಂದರು, ಅಲೀ, ಉಸ್ಮಾನ್ ಮೊದಲಾದವರು ಹಂಚಬಾರದೆಂದರು. ಆಗ ಅವನು ಮದೀನದ ಅನ್ಸಾರರಿಂದ ಔಸ್ ಕುಲದ ಐವರನ್ನೂ ಖಜ್ರಜ್ ಕುಲದ ಐವರನ್ನೂ ಕರೆಸಿ, ತಾನೂ ಅವರಂತೆಯೇ ಒಬ್ಬನೆಂದೂ, ತನ್ನ ಇಚ್ಛೆಯನ್ನು ಅನುಸರಿಸಬೇಕಾಗಿಲ್ಲವೆಂದೂ ಹೇಳಿ ವಿಷಯವನ್ನು ಅವರ ಮುಂದೆ ಇಟ್ಟನು. ದಿನಗಟ್ಟಲೆ ಚರ್ಚೆ ನಡೆದು, ಕೊನೆಗೆ ಭೂಮಿ ಉಳುವವರ ಕೈಯಲ್ಲಿಯೇ ಉಳಿಯತಕ್ಕದ್ದೆಂದೂ, ಅದರ ಮೇಲೆ ಖರಾಜ್ ಎಂಬ ಕಂದಾಯವನ್ನು ವಿಧಿಸತಕ್ಕದ್ದೆಂದೂ ತೀರ್ಮಾನವಾಯಿತು.

ಇನ್ನು ಕಂದಾಯವನ್ನು ಗೊತ್ತುಮಾಡಬೇಕಾದರೆ ನೆಲವನ್ನು ಅಳೆಯಬೇಕು. ಅಳೆಯುವವನಿಗೆ ಯುದ್ಧಕೌಶಲಕ್ಕಿಂತ ಲೆಕ್ಕ, ತಾಳ್ಮೆ, ಅನುಭವಗಳು ಬೇಕು. ಇಂತಹವನು ಯಾರೆಂದು ಉಮರ್ ವಿಚಾರಿಸಿದಾಗ ಸಭೆಯವರು ಉಸ್ಮಾನ್ ಇಬ್ನ್ ಹುನೈಫನ ಹೆಸರನ್ನು ಸೂಚಿಸಿದರು. ಟೈಗ್ರಿಸ್ ನದಿಯ ಆಚೆಯ ನೆಲವನ್ನು ಹುದೈಫ ಇಬ್ನುಲ್ ಯಮಾನನಿಗೆ ಒಪ್ಪಿಸಲಾಯಿತು. ಉಸ್ಮಾನನು ಅಳೆದ ಭೂಮಿ 3 ಕೋಟಿ 60 ಲಕ್ಷ ಜರೀಬುಗಳಾಯಿತೆಂದು ಪರಂಪರೆಯ ಲೆಕ್ಕ. ದರವು ಬೆಳೆಗೆ ತಕ್ಕಂತೆ ಇದ್ದಿತು. ಒಂದು ವರದಿಯಂತೆ ಜರೀಬಿಗೆ ಗೋಧಿಯ ನೆಲಕ್ಕೆ 4 ದಿರ್ಹಮ್, ಜವೆಗೋಧಿಯ ನೆಲಕ್ಕೆ 2, ದ್ರಾಕ್ಷಿಯ ತೋಟಕ್ಕೆ 10.

ಇಲ್ಲಿ ಅಧಿಕಾರವನ್ನು ಹಂಚಿದ ಕ್ರಮವು ವಿಶೇಷ ಪರಿಶೀಲನೆಗೆ ಯೋಗ್ಯವಾಗಿದೆ. ಕೂಫಾ ನಗರಕ್ಕೆ ಉಮರ್ ಒಬ್ಬನನ್ನೇ ಸರ್ವಾಧಿಕಾರಿಯನ್ನಾಗಿ ಕಳುಹಿಸಲಿಲ್ಲ. ಪ್ರಾರ್ಥನೆ ಮತ್ತು ಸೈನ್ಯ ಅಮ್ಮಾರ್ ಇಬ್ನ್ ಯಾಸಿರನಿಗೆ. ನ್ಯಾಯ ಮತ್ತು ಬೊಕ್ಕಸ ಅಬ್ದುಲ್ಲಾ ಇಬ್ನ್ ಮಸ್‌ಊದನಿಗೆ. ಭೂಮಾಪನ ಉಸ್ಮಾನ್ ಇಬ್ನ್ ಹುನೈಫನಿಗೆ. ಮೂವರಿಗೂ ಸೇರಿ ದಿನಕ್ಕೆ ಒಂದು ಕುರಿಯನ್ನು ಗೊತ್ತುಮಾಡಿ, ಅರ್ಧವನ್ನು ಅಮ್ಮಾರನಿಗೂ ಕಾಲು ಕಾಲು ಭಾಗವನ್ನು ಉಳಿದಿಬ್ಬರಿಗೂ ಕೊಡತಕ್ಕದ್ದೆಂದು ವಿಧಿಸಿದನು. ಅಷ್ಟು ಮಾಡಿಯೂ, ದಿನಕ್ಕೊಂದು ಕುರಿಯನ್ನು ತೆರಬೇಕಾದ ನಾಡು ಬೇಗನೆ ಹಾಳಾಗುವುದಲ್ಲವೇ ಎಂದು ಶಂಕಿಸಿದನಂತೆ. ಒಪ್ಪಿಸಿದ ಅಧಿಕಾರಕ್ಕೆ ಕ್ಷೇತ್ರ ಯಾವುದು, ಎಲ್ಲೆ ಯಾವುದು, ಪ್ರತಿಫಲ ಎಷ್ಟು ಎಂಬ ಮೂರನ್ನೂ ಮೊದಲೇ ಸ್ಪಷ್ಟಪಡಿಸಿದುದು ಇಲ್ಲಿ ಕಾಣಬರುತ್ತದೆ.

ಆದರೆ ಉಮರನ ವಿಶೇಷ ಇಷ್ಟರಲ್ಲಿಯೇ ಇಲ್ಲ. ಕೆಳಗಿನಿಂದ ವಾರ್ತೆ ಮೇಲಕ್ಕೆ ಬರುವುದಕ್ಕೆ ಅವನು ಹಲವು ದಾರಿಗಳನ್ನು ತೆರೆದಿಟ್ಟನು. ಹಜ್ ಯಾತ್ರೆಯ ಕಾಲದಲ್ಲಿ ಪ್ರಾಂತಾಧಿಕಾರಿಗಳು ಬರಬೇಕು, ಅವರ ವಿರುದ್ಧ ಯಾರಿಗೇ ಆಗಲಿ ದೂರಿದ್ದರೆ ಅಲ್ಲಿ ಹೇಳಬಹುದು. ದೂರುಗಳನ್ನು ಸ್ಥಳದಲ್ಲಿಯೇ ವಿಚಾರಿಸುವುದಕ್ಕೆ ಮುಹಮ್ಮದ್ ಇಬ್ನ್ ಮಸ್ಲಮನೆಂಬ ಪರೀಕ್ಷಕನಿದ್ದನು. ಕಾದಿಸಿಯ್ಯಾದ ವಿಜಯಿಯೂ ಕೂಫಾದ ಅಧಿಕಾರಿಯೂ ಆಗಿದ್ದ ಸಅದ್ ಇಬ್ನ್ ಅಬೀ ವಕ್ಕಾಸನ ಮೇಲೆ ದೂರು ಬಂದಾಗ, ಕೂಫಾದ ಮಸೀದಿಗಳಲ್ಲೆಲ್ಲ ವಿಚಾರಣೆ ನಡೆಸಲಾಯಿತು. ಬಹುಮಂದಿ ಅವನನ್ನು ಹೊಗಳಿದರೂ, ಉಮರ್ ಅವನನ್ನು ಆ ಪದವಿಯಿಂದ ಬಿಡಿಸಿದನು. ಇರಾಕಿನ ಕಂದಾಯ ಮದೀನಕ್ಕೆ ಬಂದಾಗಲೆಲ್ಲ ಕೂಫಾದಿಂದ ಹತ್ತು ಮಂದಿ, ಬಸ್ರಾದಿಂದ ಹತ್ತು ಮಂದಿ ನಂಬಿಕಸ್ಥರು ಬಂದು, ಈ ಹಣದಲ್ಲಿ ಮುಸ್ಲಿಮನಿಗಾಗಲಿ ಒಪ್ಪಂದಕ್ಕೊಳಪಟ್ಟ ಅನ್ಯಮತೀಯನಿಗಾಗಲಿ ಅನ್ಯಾಯವಾಗಿಲ್ಲವೆಂದು ನಾಲ್ಕು ಬಾರಿ ಪ್ರಮಾಣ ಮಾಡಬೇಕಾಗಿತ್ತೆಂದು ಅಬೂ ಯೂಸುಫನು ಬರೆಯುತ್ತಾನೆ.

ಕ್ರಿ.ಶ. 644ರಲ್ಲಿ, ತನ್ನ ಕೊಲೆಗೆ ಕೆಲವೇ ದಿನಗಳ ಮುಂಚೆ, ಉಮರ್ ತನ್ನ ಇಬ್ಬರು ಮೋಜಣಿದಾರರನ್ನೂ ಎದುರಿಗೆ ನಿಲ್ಲಿಸಿಕೊಂಡು, ನೆಲವು ಹೊರಲಾರದಷ್ಟು ಭಾರವನ್ನು ಅದರ ಮೇಲೆ ಹೊರಿಸಿದ್ದೀರೇನು ಎಂದು ಕೇಳಿದನು. ಹೊರುವಷ್ಟನ್ನೇ ಹೊರಿಸಿದ್ದೇವೆ, ಇನ್ನೂ ಮಿಗತೆಯಿದೆ ಎಂದು ಅವರು ಉತ್ತರಿಸಿದರು. ಆಗಲೂ ಅವನು, ಮತ್ತೊಮ್ಮೆ ನೋಡಿ ಹೇಳಿರೆಂದನು. ಹೆಚ್ಚು ಕಂದಾಯ ತಂದ ಅಧಿಕಾರಿಯನ್ನು ಹೊಗಳುವ ದೊರೆಗಳನ್ನು ಇತಿಹಾಸದಲ್ಲಿ ಎಲ್ಲೆಡೆಯೂ ಕಾಣಬಹುದು. ಹೆಚ್ಚಾಯಿತೇನೋ ಎಂದು ತಾನಾಗಿಯೇ ಕೇಳುವ ದೊರೆಗಳು ವಿರಳ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಈ ವೃತ್ತಾಂತಗಳು ಘಟನೆಗಳ ಕಾಲದಲ್ಲಿ ಬರೆದಿಟ್ಟವಲ್ಲ. ಅಬೂ ಯೂಸುಫನು ತೀರಿಕೊಂಡುದು ಕ್ರಿ.ಶ. 798ರಲ್ಲಿ, ಬಲಾಜುರಿ, ತಬರಿ ಮೊದಲಾದ ಇತಿಹಾಸಕಾರರು ಅವನಿಗಿಂತಲೂ ಈಚಿನವರು. ಪೂರ್ವಿಕರನ್ನು ಆದರ್ಶವಾಗಿ ನಿಲ್ಲಿಸಿ, ತಮ್ಮ ಕಾಲದ ದೊರೆಗಳಿಗೆ ಬುದ್ಧಿ ಹೇಳುವ ಉದ್ದೇಶವೂ ಈ ಬರೆವಣಿಗೆಯಲ್ಲಿ ಉಂಟು. ಎರಡನೆಯದಾಗಿ, ಸವಾದಿನ ರೈತನು ಗೆಲ್ಲಲ್ಪಟ್ಟವನು. ಸಲಹೆ ಕೊಟ್ಟವರು ಗೆದ್ದವರು. ಉಮರನನ್ನು ಇರಿದ ಅಬೂ ಲುಅಲುಅ ಎಂಬ ಪಾರಸೀಕ ದಾಸನು, ತನ್ನ ಒಡೆಯನು ವಸೂಲು ಮಾಡುತ್ತಿದ್ದ ಹಣ ಹೆಚ್ಚೆಂದು ದೂರಿದ್ದನೆಂದೂ, ಅದು ಹೆಚ್ಚಲ್ಲವೆಂದು ಖಲೀಫನು ಹೇಳಿದನೆಂದೂ ಪರಂಪರೆಯೇ ತಿಳಿಸುತ್ತದೆ. ಆ ವ್ಯವಸ್ಥೆಯ ಕಿವಿ ಎಲ್ಲರಿಗೂ ಸಮಾನವಾಗಿ ತೆರೆದಿರಲಿಲ್ಲವೆಂಬುದನ್ನು ನಾವು ಮರೆಯಲಾಗದು.

3. ದತ್ತಮಂಡಲದ ಮೋಜಣಿ

ಈಗ ನಮ್ಮ ಸೀಮೆಗೆ ಬರೋಣ. 1792 ಮತ್ತು 1799ರ ಮೈಸೂರು ಯುದ್ಧಗಳ ಫಲವಾಗಿ ತನಗೆ ದೊರೆತಿದ್ದ ಪ್ರದೇಶವನ್ನು ಹೈದರಾಬಾದಿನ ನಿಜಾಮನು 1800ರ ಅಕ್ಟೋಬರ್ ತಿಂಗಳ ಒಪ್ಪಂದದಂತೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಆದುದರಿಂದಲೇ ಅದಕ್ಕೆ ದತ್ತಮಂಡಲವೆಂಬ ಹೆಸರಾಯಿತು. ಬಳ್ಳಾರಿ, ಅನಂತಪುರ, ಕಡಪ ಸೀಮೆಗಳೂ ಕರ್ನೂಲಿನ ಕೆಲವು ಭಾಗವೂ ಅದರಲ್ಲಿ ಸೇರಿದ್ದವು. ಇಂದಿನ ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯನ್ನು ಬಿಟ್ಟು ಉಳಿದ ಐದು, ಎಂದರೆ ಮೇಲೆ ಹೇಳಿದ ಐದು, ಈ ಮಂಡಲದ ಪಶ್ಚಿಮದ ಅಂಚು. ಕೊಟ್ಟೂರು ಮತ್ತು ಹಗರಿಬೊಮ್ಮನಹಳ್ಳಿಗಳು ಪ್ರತ್ಯೇಕ ತಾಲ್ಲೂಕುಗಳಾದುದು ಬಹಳ ಈಚೆಗೆ.

ಇದು ಮಳೆಯನ್ನೇ ನಂಬಿದ ನಾಡು. ಪಶ್ಚಿಮಕ್ಕೆ ತುಂಗಭದ್ರೆ, ನಡುವೆ ಚಿಕ್ಕ ಹಗರಿ ಹರಿದರೂ, ಹೆಚ್ಚಿನ ನೆಲ ಬೆದ್ದಲು. ಒಂದೇ ಊರಿನ ಎಲ್ಲೆಯೊಳಗೆ ಕೆಂಪು ಮಸಾರಿಯೂ, ಕರಿಯ ಎರೆಯೂ, ಕಲ್ಲುಗರಸೂ ಕಾಣಸಿಗಬಹುದು. ಇಂತಹ ನೆಲದ ಗುಣವನ್ನು ಕಚೇರಿಯಲ್ಲಿ ಕುಳಿತವನು ಅರಿಯಲಾರನು; ಅದನ್ನು ಬಲ್ಲವನು ಉತ್ತವನು.

ಮಂಡಲದ ಪ್ರಧಾನ ಕಲೆಕ್ಟರನಾಗಿ ನೇಮಕಗೊಂಡ ಮನ್ರೋ, 1792ರಿಂದ ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡನ ಕೈಕೆಳಗೆ ಕೆಲಸ ಕಲಿತವನು. ಬಳಿಕ ಕೆಲಕಾಲ ಕೆನರಾ ಜಿಲ್ಲೆಯಲ್ಲಿದ್ದವನು. ಈ ಹೊಸ ಸೀಮೆಯಲ್ಲಿ ಅವನಿಗೆ ಎದುರಾದವರು ಪಾಳೆಯಗಾರರು. ಸುಮಾರು 80 ಮಂದಿ ಪಾಳೆಯಗಾರರೂ, ಅವರ ಅಧೀನದಲ್ಲಿ ಸುಮಾರು 30,000 ಸಶಸ್ತ್ರ ಭಟರೂ ಮಂಡಲದಲ್ಲಿ ಇದ್ದರೆಂದು ಆ ಕಾಲದ ಅಂದಾಜು. ನಮ್ಮ ಸೀಮೆಯಲ್ಲಿ ಹರಪನಹಳ್ಳಿಯ ಮನೆತನ ಪ್ರಬಲವಾದುದು. ಗುಡೇಕೋಟೆ, ಜರಿಮಲೆಗಳಲ್ಲಿಯೂ ಪಾಳೆಯಗಾರರ ಮನೆತನಗಳಿದ್ದವು. ಮನ್ರೋ ಪಾಳೆಯಗಾರರ ಬಲವನ್ನು ಮುರಿದನು; ಹಲವರನ್ನು ಅವರ ನೆಲೆಗಳಿಂದ ಹೊರಡಿಸಿದನು. ಅವನ ಕಾಠಿಣ್ಯವನ್ನು ಕಂಪನಿಯ ನಿರ್ದೇಶಕರೇ ಆಕ್ಷೇಪಿಸಿದರು. ರೈತನೊಡನೆ ಸರ್ಕಾರವೇ ನೇರವಾಗಿ ವ್ಯವಹರಿಸುವ ರೈತವಾರಿ ಪದ್ಧತಿಗೆ ದಾರಿಯಾದುದು ಹೀಗೆ. ಒಬ್ಬನಿಗೆ ಅಧಿಕಾರ ಕೊಡುವುದೆಂದರೆ ಅನೇಕ ವೇಳೆ ಮತ್ತೊಬ್ಬನಿಂದ ಅದನ್ನು ಕಿತ್ತುಕೊಳ್ಳುವುದೇ ಆಗಿರುತ್ತದೆಂಬ ಮಾತನ್ನು ಇಲ್ಲಿ ಗಮನಿಸಬೇಕು.

1802ರಲ್ಲಿ ಮೋಜಣಿ ಆರಂಭವಾಯಿತು. ಆಗ ಮಂಡಲದಲ್ಲಿ ಭೂಮಾಪನವನ್ನು ಬಲ್ಲವರೆಂದು ಸಿಕ್ಕವರು ನಾಲ್ವರು ಗುಮಾಸ್ತರು ಮಾತ್ರ. ಆ ನಾಲ್ವರು ಇತರರಿಗೆ ಕಲಿಸಿದರು. ವರ್ಷದ ಕೊನೆಗೆ ಮೋಜಣಿದಾರರು ಐವತ್ತಾದರು, ಮರುವರ್ಷ ನೂರಾದರು. ಮನ್ರೋ ತನ್ನ 1807ರ ವರದಿಯಲ್ಲಿ ಇದನ್ನು ದಾಖಲಿಸಿದ್ದಾನೆ. ಇವರು ಉಪಯೋಗಿಸಿದುದು 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ತುಂಡು 1,089 ಚದರಡಿ. ಅಂತಹ 40 ತುಂಡುಗಳಿಗೆ ಒಂದು ಎಕರೆ. ನಮ್ಮ ರೈತರು ಇಂದಿಗೂ 'ಗುಂಟೆ' ಎನ್ನುವುದು ಇದೇ ಅಳತೆಗೆ. ಮೋಜಣಿದಾರರ ಕೆಲಸವನ್ನು ತನಿಖೆ ಮಾಡಲು ಬೇರೆ ಪರೀಕ್ಷಕರಿದ್ದರು; ತಪ್ಪು ಮಿತಿಮೀರಿದರೆ ಕೆಲಸ ಹೋಗುತ್ತಿತ್ತು. ಹೀಗೆ ಸುಮಾರು ನಾಲ್ಕು ವರ್ಷಗಳಲ್ಲಿ ಮಂಡಲದ ಅಳತೆ ಮುಗಿಯಿತು.

ಅಳತೆಯ ಹಿಂದೆಯೇ ನೆಲದ ದರ್ಜೆಯನ್ನು ಗೊತ್ತುಮಾಡುವ ಕಾರ್ಯ ನಡೆಯಿತು. ಇದರಲ್ಲಿ ಅಧಿಕಾರದ ಹಂಚಿಕೆ ಮತ್ತೂ ಒಂದು ಮೆಟ್ಟಿಲು ಕೆಳಗಿಳಿದುದನ್ನು ಕಾಣುತ್ತೇವೆ. ದರ್ಜೆಗಾರನು ಊರಿಗೆ ಬಂದು ಗೌಡ, ಶಾನುಭೋಗ ಹಾಗೂ ಮುಖ್ಯ ರೈತರನ್ನು ಕೂಡಿಸಿ, ಅವರ ಸಮಕ್ಷಮದಲ್ಲಿ ಒಂದೊಂದು ಹೊಲದ ಗುಣವನ್ನು ವಿಚಾರಿಸುತ್ತಿದ್ದನು. ಸಾಮಾನ್ಯವಾಗಿ ಅವರು ಹೇಳಿದ ದರ್ಜೆಯೇ ನಿಲ್ಲುತ್ತಿತ್ತು. ಅವರ ಮಾತು ತಪ್ಪೆಂದು ಸ್ಪಷ್ಟವಾಗಿ ತೋರಿದರೆ ಅವನು ತಾನೇ ತೀರ್ಮಾನಿಸದೆ ನೆರೆಯೂರಿನ ಮುಖ್ಯ ರೈತರ ಮುಂದೆ ಅದನ್ನು ಇಡುತ್ತಿದ್ದನು. ಅವರು ಹೇಳಿದುದು ಅಂತಿಮ. ಅಧಿಕಾರಿಗೂ ಪ್ರಜೆಗೂ ಅಭಿಪ್ರಾಯಭೇದ ಬಂದಾಗ ಮತ್ತೊಬ್ಬ ಪ್ರಜೆಯನ್ನು ಮಧ್ಯಸ್ಥನನ್ನಾಗಿ ಮಾಡುವ ಈ ಕ್ರಮವು, ಮದೀನದ ಹತ್ತು ಮಂದಿಯನ್ನು ನೆನಪಿಗೆ ತರುವಂತಹುದು.

ಆದರೆ ಈ ಅಧಿಕಾರಕ್ಕೆ ಒಂದು ಕಟ್ಟಳೆಯಿತ್ತು. ಯಾವ ಹೊಲ ಯಾವ ದರ್ಜೆಯದೆಂದು ಹೇಳುವುದು ಊರಿನವರ ಪಾಲಿಗೆ ಬಂದಿತು. ಒಟ್ಟು ಎಷ್ಟು ತೆರಬೇಕೆಂಬುದು ಬರಲಿಲ್ಲ. ಹೈದರ್, ಟೀಪುಗಳ ಕಾಲದ ವಸೂಲಿನೊಡನೆ ಹೋಲಿಸಿ, ಒಟ್ಟು ಮೊತ್ತವನ್ನು ಮೇಲಿನವರೇ ನಿರ್ಧರಿಸಿದರು. ಹೊರೆಯನ್ನು ತಮ್ಮತಮ್ಮಲ್ಲಿ ನ್ಯಾಯವಾಗಿ ಹಂಚಿಕೊಳ್ಳುವ ಸ್ವಾತಂತ್ರ್ಯ ರೈತರಿಗೆ ದೊರೆಯಿತು, ಹೊರೆಯ ತೂಕವನ್ನು ಪ್ರಶ್ನಿಸುವ ಸ್ವಾತಂತ್ರ್ಯ ದೊರೆಯಲಿಲ್ಲ.

4. ಮೇಲೇರದ ಮಾತು

ಆ ಪ್ರಶ್ನೆಯನ್ನು ಎತ್ತಿದವನು ಮನ್ರೋನೇ. ಅವನ ಏಳು ವರ್ಷಗಳ ಆಡಳಿತದಲ್ಲಿ ಮಂಡಲದ ಭೂಕಂದಾಯ ಸುಮಾರು ಒಂದೂವರೆ ಪಟ್ಟು ಏರಿತ್ತು. ಇದನ್ನೇ ತನ್ನ ಸಾಧನೆಯೆಂದು ಹೇಳಿಕೊಂಡು ಅವನು ಊರಿಗೆ ಹೋಗಬಹುದಾಗಿತ್ತು. ಆದರೆ 1807ರಲ್ಲಿ, ರಜೆಯ ಮೇಲೆ ಇಂಗ್ಲೆಂಡಿಗೆ ಹೊರಡುವ ಮುಂಚೆ, ಅವನು ಮದರಾಸಿನ ಸರ್ಕಾರಕ್ಕೆ ಬರೆದುದು ಬೇರೆಯೇ. ಮೋಜಣಿಯಂತೆ ಗೊತ್ತಾದ ಕಂದಾಯವು ಹುಟ್ಟುವಳಿಯ ಸುಮಾರು ನೂರಕ್ಕೆ 45 ಭಾಗವನ್ನು ತೆಗೆದುಕೊಳ್ಳುತ್ತದೆ. ಅದನ್ನು ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಸದಿದ್ದರೆ ಭೂಮಿಗೆ ಬೆಲೆ ಬರುವುದಿಲ್ಲ, ರೈತನು ಏಳಿಗೆಯಾಗುವುದಿಲ್ಲ. ಆದುದರಿಂದ ಎಲ್ಲ ಭೂಮಿಗೂ ನೂರಕ್ಕೆ 25ರಷ್ಟನ್ನು, ಬಾವಿ ತೋಟಗಳ ಭೂಮಿಗೆ ಅದರ ಮೇಲೆ ಮತ್ತೆ 8ರಷ್ಟನ್ನು ಕಡಿಮೆಮಾಡಬೇಕು. ಬೇಕಾದಷ್ಟನ್ನು ಉಳಲು, ಬೇಡವಾದುದನ್ನು ಬಿಡಲು ರೈತನಿಗೆ ವರ್ಷವರ್ಷವೂ ಸ್ವಾತಂತ್ರ್ಯವಿರಬೇಕು. ಇದು ಅವನ ಸೂಚನೆಯ ಸಾರಾಂಶ.

ಸವಾದಿನಲ್ಲಿ ದೊರೆಯು ಕೇಳಿದನು, ಮೋಜಣಿದಾರರು ಭಾರವಾಗಿಲ್ಲವೆಂದರು. ದತ್ತಮಂಡಲದಲ್ಲಿ ಮೋಜಣಿದಾರನೇ ಭಾರವಾಗಿದೆಯೆಂದನು, ಸರ್ಕಾರ ಕೇಳಲಿಲ್ಲ. ಆದಾಯ ಕುಂದುವುದನ್ನು ಸಹಿಸದೆ ಸರ್ಕಾರ ರೈತವಾರಿಯನ್ನೇ ಕೈಬಿಟ್ಟಿತು. ಊರೂರುಗಳನ್ನು ಮೊದಲು ಮೂರು ವರ್ಷದ, ಅನಂತರ ಹತ್ತು ವರ್ಷದ ಗುತ್ತಿಗೆಗೆ ಕೊಡಲಾಯಿತು. ಗುತ್ತಿಗೆಯ ಮೊತ್ತ ಹೆಚ್ಚು. ಮಳೆ ತಪ್ಪಿದ ವರ್ಷ ಗುತ್ತಿಗೆದಾರನೂ ಮುಳುಗಿದನು, ಅವನ ಕೈಯಲ್ಲಿ ಸಿಕ್ಕ ರೈತನೂ ಮುಳುಗಿದನು. ಹೊಲದ ದರ್ಜೆಯನ್ನು ಹೇಳುವುದಕ್ಕೆ ನಾಲ್ಕು ವರ್ಷದ ಹಿಂದೆ ಗೌರವದಿಂದ ಕರೆಸಿಕೊಂಡಿದ್ದ ರೈತನಿಗೆ ಈಗ ಬಾಕಿಗಾಗಿ ಕರೆ ಬರತೊಡಗಿತು. ಕೂಡ್ಲಿಗಿ, ಹರಪನಹಳ್ಳಿಗಳಂತಹ ಮಳೆಯಾಶ್ರಯದ ಸೀಮೆಗೆ ಇಂತಹ ನಿಶ್ಚಿತ ಮೊತ್ತದ ಗುತ್ತಿಗೆಯಷ್ಟು ಒಗ್ಗದ ವ್ಯವಸ್ಥೆ ಬೇರೊಂದಿರಲಾರದು.

1818ರಲ್ಲಿ ರೈತವಾರಿಗೆ ಮರಳಲು ಆಜ್ಞೆಯಾಯಿತು. ಮನ್ರೋ 1807ರಲ್ಲಿ ಸೂಚಿಸಿದ್ದ ಇಳಿತವು ಮಂಡಲಕ್ಕೆ ದೊರೆತುದು, 1820ರಲ್ಲಿ ಅವನೇ ಮದರಾಸಿನ ಗವರ್ನರನಾಗಿ ಬಂದ ಬಳಿಕ. ಇದರ ಅರ್ಥವನ್ನು ಸ್ವಲ್ಪ ಯೋಚಿಸಬೇಕು. ನೆಲವನ್ನು ಕಂಡವನ ಮಾತು ಮೇಲೇರಿ ಕಾರ್ಯರೂಪಕ್ಕೆ ಬರಲು ಹದಿಮೂರು ವರ್ಷ ಹಿಡಿಯಿತು. ಅದೂ ಆ ಮಾತಿಗಿದ್ದ ಬೆಲೆಯಿಂದಲ್ಲ, ಅದನ್ನು ಹೇಳಿದವನೇ ಮೇಲಿನ ಕುರ್ಚಿಗೆ ಏರಿದುದರಿಂದ. ಮನ್ರೋ ಗವರ್ನರನಾಗದೆ ಇದ್ದಿದ್ದರೆ? ಹೇಳುವವನೇ ಅಧಿಪತಿಯಾಗುವವರೆಗೆ ಸತ್ಯಕ್ಕೆ ಮಾನ್ಯತೆ ದೊರೆಯದ ಸಂಸ್ಥೆಯಲ್ಲಿ, ಅಧಿಕಾರದ ಹಂಚಿಕೆ ಎಷ್ಟೇ ವಿಸ್ತಾರವಾಗಿದ್ದರೂ ಅದು ಅಪೂರ್ಣವೇ ಸರಿ.

5. ಎರಡರಿಂದಲೂ ತಿಳಿಯತಕ್ಕ ಸಂಗತಿ

ಮೇಲಿನ ವಿವರಗಳನ್ನು ಒಟ್ಟುಗೂಡಿಸಿ ನೋಡಿದರೆ, ಅಧಿಕಾರದ ಹಂಚಿಕೆಗೆ ನಾಲ್ಕು ಅಂಗಗಳುಂಟೆಂದು ಹೇಳಬಹುದು. ಮೊದಲನೆಯದು ಯೋಗ್ಯತೆ: ಅಧಿಕಾರವನ್ನು ಪಡೆಯುವವನು ಅದಕ್ಕೆ ತಕ್ಕವನಾಗಿರಬೇಕು, ಇಲ್ಲವೇ ಅವನನ್ನು ತಕ್ಕವನನ್ನಾಗಿ ಮಾಡಬೇಕು. ನಾಲ್ವರು ಗುಮಾಸ್ತರಿಂದ ನೂರು ಮಂದಿ ಸಿದ್ಧರಾದುದು ಇದಕ್ಕೆ ನಿದರ್ಶನ. ಎರಡನೆಯದು ಎಲ್ಲೆ: ಕೂಫಾದ ಮೂವರಿಗೆ ಇದ್ದಂತೆ, ಯಾರ ಕ್ಷೇತ್ರ ಯಾವುದೆಂಬುದು ಸ್ಪಷ್ಟವಾಗಿರಬೇಕು. ಮೂರನೆಯದು ಪರೀಕ್ಷೆ: ನಂಬಿಕೆಯಿದ್ದರೂ ತನಿಖೆ ಇರಬೇಕು. ಈ ಮೂರೂ ಎರಡು ಮೋಜಣಿಗಳಲ್ಲಿಯೂ ಒಂದಲ್ಲ ಒಂದು ರೂಪದಲ್ಲಿ ಇದ್ದವು.

ನಾಲ್ಕನೆಯದು ಶ್ರವಣ: ಕೆಳಗಿನವನು ಕಂಡುದನ್ನು ಮೇಲಿನವನು ಕೇಳಬೇಕು, ಕೇಳಿ ತನ್ನ ತೀರ್ಮಾನವನ್ನು ತಿದ್ದಿಕೊಳ್ಳಲು ಸಿದ್ಧನಿರಬೇಕು. ಇದರಲ್ಲಿಯೇ ಎರಡು ವ್ಯವಸ್ಥೆಗಳೂ ಬೇರೆಯಾದವು. ಉಮರನ ಪರಂಪರೆಯಲ್ಲಿ ಶ್ರವಣಕ್ಕೆ ನಿಯತವಾದ ಕಾಲವಿತ್ತು, ಸ್ಥಳವಿತ್ತು, ಸಾಕ್ಷಿಗಳಿದ್ದರು. ಮದರಾಸಿನ ಸರ್ಕಾರದಲ್ಲಿ ವರದಿಗಳು ಮೇಲೆ ಹೋಗುತ್ತಿದ್ದವು. ಆದರೆ ವರದಿಯನ್ನು ಓದುವುದೂ ಅದಕ್ಕೆ ಕಿವಿಗೊಡುವುದೂ ಒಂದೇ ಅಲ್ಲ. ಕೆಳಗಿನವರಿಗೆ ಎಷ್ಟು ಅಧಿಕಾರ ಇಳಿದುಬಂದಿತೆಂಬುದು ನಾಯಕತ್ವದ ಅರ್ಧ ಪರೀಕ್ಷೆ. ಅವರ ಅರಿವು ಎಷ್ಟು ಮೇಲೇರಿತೆಂಬುದು ಉಳಿದರ್ಧ.

ಮನ್ರೋಗೂ ಈ ಕೊರತೆ ತಿಳಿದಿತ್ತು. 1816ರ ಕಾನೂನುಗಳಲ್ಲಿ, ಅವನ ಶಿಫಾರಸಿನ ಮೇರೆಗೆ, ಸಣ್ಣ ವ್ಯಾಜ್ಯಗಳನ್ನು ತೀರಿಸುವ ಅಧಿಕಾರವನ್ನು ಊರ ಮುಖ್ಯಸ್ಥರಿಗೆ ಕೊಡಲಾಯಿತು. ಪಂಚಾಯತಿಗೂ ಸ್ಥಾನ ದೊರೆಯಿತು. 1824ರ ಡಿಸೆಂಬರ್ 31ರ ತನ್ನ ಪ್ರಸಿದ್ಧ ಟಿಪ್ಪಣಿಯಲ್ಲಿ ಅವನು, ಭಾರತೀಯರನ್ನು ಉನ್ನತ ಪದವಿಗಳಿಂದ ದೂರವಿಟ್ಟು ಅವರಲ್ಲಿ ಸದ್ಗುಣವನ್ನು ನಿರೀಕ್ಷಿಸುವುದು ಅಸಂಗತವೆಂದು ವಾದಿಸಿದನು. ನಂಬಿಕೆಗೆ ಪಾತ್ರನೆಂದು ತೋರಿಸಿಕೊಂಡ ಮೇಲೆ ನಂಬುವುದಲ್ಲ, ನಂಬಿದರೆ ಮಾತ್ರ ಪಾತ್ರತೆ ಬೆಳೆಯುತ್ತದೆಂಬುದು ಅವನ ನಿಲುವು. ಆದರೂ ಅವನು ಕಂಪನಿಯ ಸೇವಕನೇ. ರೈತನ ಹೊರೆಯನ್ನು ಇಳಿಸಬೇಕೆಂದನೇ ಹೊರತು, ಹೊರಿಸುವ ಹಕ್ಕು ಯಾರದೆಂದು ಕೇಳಲಿಲ್ಲ. 1827ರ ಜುಲೈ ತಿಂಗಳಲ್ಲಿ ಇದೇ ಮಂಡಲದ ಪತ್ತಿಕೊಂಡದಲ್ಲಿ, ಪ್ರವಾಸದ ನಡುವೆ, ಅವನು ಕಾಲರಾ ರೋಗದಿಂದ ತೀರಿಕೊಂಡನು.

ಆ ಹಕ್ಕಿನ ಪ್ರಶ್ನೆಗೆ ಉತ್ತರ ದೊರೆತುದು ಸ್ವಾತಂತ್ರ್ಯದ ಅನಂತರ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. 1961ರ ಕಾಯಿದೆಯಿಂದ ಗೌಡ, ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು ರದ್ದಾದವು. 1983ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾಯಿದೆ ರಚಿತವಾಗಿ, 1987ರಲ್ಲಿ ಚುನಾವಣೆ ನಡೆಯಿತು. ಇದರ ಹಿಂದೆ ನಿಂತವರು ಅಂದಿನ ಗ್ರಾಮೀಣಾಭಿವೃದ್ಧಿ ಸಚಿವರಾದ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿಯ ನೀರನ್ನು ಒದಗಿಸಿ 'ನೀರ್ ಸಾಬ್' ಎನಿಸಿಕೊಂಡ ಅವರು, ನೀರಿಗಿಂತಲೂ ಕಷ್ಟವಾದ ಅಧಿಕಾರವನ್ನು ರಾಜಧಾನಿಯಿಂದ ಹಳ್ಳಿಗೆ ಹರಿಸಲು ಯತ್ನಿಸಿದರು. ಮಹಿಳೆಯರಿಗೆ ಮೀಸಲು ಸ್ಥಾನಗಳೂ, ಊರಿನವರೆಲ್ಲ ಸೇರಿ ಪ್ರಶ್ನಿಸಬಹುದಾದ ಗ್ರಾಮಸಭೆಯೂ ಆ ವ್ಯವಸ್ಥೆಯಲ್ಲಿ ಸೇರಿದ್ದವು. ಅವರು 1988ರಲ್ಲಿ ನಿಧನರಾದರು. ಗ್ರಾಮಸಭೆ 1993ರ ಪಂಚಾಯತ್ ರಾಜ್ ಕಾಯಿದೆಯಲ್ಲಿಯೂ ಉಳಿದುಬಂದಿತು. ಉಮರನ ಕಾಲದ ಹಜ್ ಸಭೆಗೂ, ಮನ್ರೋ ಕಾಲದ ದರ್ಜೆಗಾರನ ಕೂಟಕ್ಕೂ ಇಲ್ಲದ ಒಂದು ಗುಣ ಗ್ರಾಮಸಭೆಗೆ ಇದೆ. ಅಲ್ಲಿ ಮಾತನಾಡುವವನು ದೊರೆಯ ಕೃಪೆಯಿಂದ ಮಾತನಾಡುವುದಿಲ್ಲ. ಕಾನೂನು ಕೊಟ್ಟ ಹಕ್ಕಿನಿಂದ ಮಾತನಾಡುತ್ತಾನೆ. ಆ ಹಕ್ಕು ಕಾಗದದಲ್ಲಿದ್ದರೆ ಸಾಲದು, ಸಭೆ ಸೇರಬೇಕು, ಅಲ್ಲಿ ಆಡಿದ ಮಾತು ಮೇಲಿನ ಲೆಕ್ಕವನ್ನು ತಿದ್ದಬೇಕು ಎಂಬುದು ಬೇರೆ ವಿಷಯ.

ನಮ್ಮ ವಿದ್ಯಾಲಯಗಳಿಗೂ ಈ ಮಾತು ಅನ್ವಯಿಸುತ್ತದೆ. ಪ್ರಾಂಶುಪಾಲರು ವಿಭಾಗಗಳಿಗೆ, ಅಧ್ಯಾಪಕರು ವಿದ್ಯಾರ್ಥಿ ಸಂಘಗಳಿಗೆ ಕಾರ್ಯಗಳನ್ನು ಒಪ್ಪಿಸುತ್ತಾರೆ. ಸಮಿತಿಗಳು ರಚಿತವಾಗುತ್ತವೆ, ವರದಿಗಳು ಸಿದ್ಧವಾಗುತ್ತವೆ. ಇವೆಲ್ಲವೂ ಅವಶ್ಯವಾದವೇ. ಆದರೆ ಸಮಿತಿಯ ಅಭಿಪ್ರಾಯದಿಂದ ಒಂದು ತೀರ್ಮಾನವಾದರೂ ಬದಲಾಗಿದೆಯೇ ಎಂಬ ಪ್ರಶ್ನೆಯನ್ನು ವರ್ಷಕ್ಕೊಮ್ಮೆ ಕೇಳಿಕೊಳ್ಳುವ ಸಂಸ್ಥೆಗಳು ಎಷ್ಟು? ನೆಲವನ್ನು ಅಳೆದವನನ್ನು ಎದುರಿಗೆ ನಿಲ್ಲಿಸಿಕೊಂಡು, ಹೊರೆ ಹೆಚ್ಚಾಯಿತೇ ಎಂದು ಕೇಳಿ, ಉತ್ತರ ಬಂದ ಮೇಲೂ ಮತ್ತೊಮ್ಮೆ ನೋಡಿ ಬಾ ಎನ್ನುವ ನಾಯಕನ ಕೈಕೆಳಗೆ ಕೆಲಸ ಮಾಡುವವರು ಮಾತ್ರವೇ ನಿಜವಾದ ಅರ್ಥದಲ್ಲಿ ಅಧಿಕಾರವನ್ನು ಪಡೆದವರು. ದತ್ತಮಂಡಲದ ರೈತರು ತಮ್ಮ ಹೊಲದ ಗುಣವನ್ನು ಸರಿಯಾಗಿಯೇ ಹೇಳಿದ್ದರು, ಅವರ ಕಲೆಕ್ಟರನೂ ಅದನ್ನು ಸರಿಯಾಗಿಯೇ ಬರೆದಿದ್ದನು. ಕೇಳುವವರು ಮಾತ್ರ ಹದಿಮೂರು ವರ್ಷ ತಡಮಾಡಿದರು. ಅದರ ಬೆಲೆಯನ್ನು ತೆತ್ತವರು ಹೇಳಿದವರೇ.